ಸೂತ್ರದ ಬೀದಿಯ ಕೊನೇ ಮನೆ

ಬಿಟ್ಟಿ ಸಲಹೆ ಕೊಡುವವನಿಗೆ ಇರುವುದು ಒಂದೇ ಗಂಡಾಂತರ: ಯಾವತ್ತೋ ಒಂದು ದಿನ ಯಾರಾದರೂ ಅದನ್ನು ಪಾಲಿಸಿಬಿಡುತ್ತಾರೆ. ಕೇಳಿ, ತಲೆಯಾಡಿಸಿ, ಎದ್ದು ಹೋಗುವವರಿಂದ ನನಗೆ ಎಂದೂ ತೊಂದರೆಯಾಗಿಲ್ಲ. ಸಂತೆಯಲ್ಲಿ ದನದ ಕಣ್ಣಿ ಮಾರುತ್ತಿದ್ದಾಗಲೂ ಹಗ್ಗಕ್ಕೆ ಮಾತ್ರ ಕಾಸು ತೆಗೆದುಕೊಂಡು, ದನ ಹೇಗೆ ಆರಿಸಬೇಕೆಂಬುದನ್ನು ಕೊಸರಾಗಿ ಹೇಳಿ ಕಳಿಸುತ್ತಿದ್ದವನು ನಾನು. ಮುಂದೆ ಹಳೇ ಮನೆಗಳ ತೊಲೆ, ಕಂಬ, ಬಾಗಿಲು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದ ಮೇಲಂತೂ, ಮನೆ ಕಟ್ಟುವ ವಿಷಯದಲ್ಲಿ ನನ್ನ ಬಾಯಿಗೆ ಬಾಗಿಲೇ ಇಲ್ಲದಂತಾಯಿತು.

ನಯಾ ಪೈಸೆ ಬಂದ ಹೊಸತರಲ್ಲಿ ಶಿಕಾರಿಪುರದ ಅಂಚಿನಲ್ಲಿ, ಅಂಜನಾಪುರದ ನೀರು ಹರಿಯುವ ಕಾಲುವೆಗೆ ಒಂದು ಗದ್ದೆ ಈಚೆಗೆ, ಉದ್ದನೆಯ ಜಾಗವೊಂದನ್ನು ಚೌಕಾಸಿ ಮಾಡಿ ಹಿಡಿದೆ. ಕೊನೆಯ ತುಂಡನ್ನು ನನಗಿಟ್ಟುಕೊಂಡು ಉಳಿದದ್ದನ್ನು ಪರಿಚಯದವರಿಗೆ ಮಾರಿದೆ. ನಕ್ಷೆ ಬರೆಸಿ ಎಂದರು ಕೊಂಡವರು. ಓವರ್‌ಸಿಯರನಿಗೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೆಯ ಬಾಗಿಲವಾಡವೇ ಬರುತ್ತದೆ. “ನಕ್ಷೆ ಯಾಕ್ರೀ? ನಾಲ್ಕು ಸೂತ್ರ ಸಾಕು” ಎಂದೆ. ಪಕ್ಕದವರ ಗೋಡೆಗೆ ಸೇರಿಸಿ ಕಟ್ಟಬೇಕು. ಸೂರಿನ ನೀರು ಅವರವರ ಜಾಗದಲ್ಲೇ ಬೀಳಬೇಕು. ಎದುರು ಮನೆಯ ಬಾಗಿಲಿಗೆ ನೇರವಾಗಿ ಬಾಗಿಲಿಡಬಾರದು. ಬೀದಿಯ ಕೊನೆಯಲ್ಲಿ ಎತ್ತಿನಗಾಡಿ ತಿರುಗಲು ಜಾಗ ಬಿಡಬೇಕು. ಇಷ್ಟೇ. ಕೈಯಲ್ಲಿ ಕಾಸಾದವರು, ಮುಂಚೆ ಕಟ್ಟಿದವರನ್ನು ನೋಡಿಕೊಂಡು ಕಟ್ಟುತ್ತ ಹೋಗಲಿ. ಚಾಪೆ ಹೆಣೆದ ಹಾಗೆ; ಮೊದಲ ಗರಿಗಳು ಸರಿಯಾಗಿ ಬಿದ್ದರೆ ಉಳಿದದ್ದು ತಾನೇ ಕೈಗೆ ಬರುತ್ತದೆ.

ಬಂತು ಕೂಡ, ಎಷ್ಟು ಚೆಂದವಾಗಿ! ಒಂದು ಮನೆಯ ಬಾಗಿಲು ತುಸು ಸರಿದರೆ ಎದುರಿನದು ಇನ್ನೂ ತುಸು ಸರಿಯಿತು. ಜಗಲಿಗಳು ಓರೆಗಣ್ಣಲ್ಲಿ ಒಂದನ್ನೊಂದು ನೋಡುತ್ತ ಕೂತವು. ಒಂದರಂತೆ ಇನ್ನೊಂದು ಮನೆಯಿಲ್ಲ, ಆದರೂ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ. ತೊಗರ್ಸಿಯ ಗಿರಾಕಿಗಳು ಬಂದರೆ ವ್ಯಾಪಾರ ಬಿಟ್ಟು ಬೀದಿ ತೋರಿಸಲು ಕರೆದೊಯ್ಯುತ್ತಿದ್ದೆ. ನಾನು ಮಾತ್ರ ಕಟ್ಟಲು ಅವಸರ ಮಾಡಲಿಲ್ಲ. ಕೊನೆಗೆ ಕಟ್ಟುವವನಿಗೆ ಪಕ್ಕದವರ ಗೋಡೆ ಸಿದ್ಧವಾಗಿ ಸಿಗುತ್ತದಲ್ಲ! ವ್ಯಾಪಾರಸ್ಥನ ಬುದ್ಧಿ.

ನನ್ನ ಹೆಂಡತಿ ಸಾವಿತ್ರಿ ಸೊರಬದ ಕಡೆಯವಳು. ಹೊಸಬಾಳೆಯ ಆಚೆ ಗದ್ದೆಗಳ ನಡುವಿನ ಒಂಟಿಮನೆಯಲ್ಲಿ ಬೆಳೆದವಳು. ದಾರಿಹೋಕನೊಬ್ಬ ಕಂಡರೆ ಅವರ ಮನೆಯಲ್ಲಿ ಮಾರನೆಯ ದಿನದವರೆಗೂ ಅದೇ ಮಾತಂತೆ. ಮದುವೆಯಾದ ಹೊಸತರಲ್ಲೇ ನನ್ನಿಂದ ಮಾತು ತೆಗೆದುಕೊಂಡಿದ್ದಳು: ಸ್ವಂತ ಮನೆ ಕಟ್ಟಿದರೆ ಬಾಗಿಲು ಬೀದಿಗಿರಬೇಕು, ಜಗಲಿಯಲ್ಲಿ ಕೂತರೆ ಜನ ಕಾಣಬೇಕು. ಚಿನ್ನ ಕೇಳದ ಹೆಂಗಸಿಗೆ ಇಷ್ಟೂ ಕೊಡದಿದ್ದರೆ ಹೇಗೆ? ಕೆತ್ತನೆಯ ತೇಗದ ಬಾಗಿಲೊಂದನ್ನು ಯಾರಿಗೂ ಮಾರದೆ ಅವಳಿಗೆಂದೇ ಎತ್ತಿಟ್ಟಿದ್ದೆ.

ಪಾಯಕ್ಕೆ ದಾರ ಹಿಡಿದ ದಿನ ಮೇಸ್ತ್ರಿ ತಲೆ ಕೆರೆದುಕೊಂಡ. ನನ್ನ ಎದುರಿಗೆ ಕುರಿ ಸಾಕುವ ಬೀರಪ್ಪನ ಮನೆ. ನನ್ನ ಸಾಲಿನವರ ಬಾಗಿಲು ತಪ್ಪಿಸಿ ತಪ್ಪಿಸಿ, ಮನುಷ್ಯರಿಗೊಂದು ಕುರಿಗೊಂದು ಎಂದು ಎರಡು ಬಾಗಿಲನ್ನೂ ಅವನು ನನ್ನ ಜಾಗಕ್ಕೇ ನೇರ ಇಟ್ಟಿದ್ದ. ಅವೆರಡನ್ನೂ ಬಿಟ್ಟರೆ ನನಗೆ ಉಳಿಯುವುದು ಗಾಡಿ ತಿರುಗುವ ಮೂಲೆ. “ಬಾಗ್ಲ ಹಿಂದ್ಕ, ಕಾಲುವಿ ಕಡೀಗೇ ಇಡಬೇಕ್ರಿ” ಎಂದ ಮೇಸ್ತ್ರಿ.

ಚೌಕಾಸಿಯಲ್ಲಿ ನಾನು ಸೋತದ್ದಿಲ್ಲ. ನೇರ ಬೀರಪ್ಪನ ಹತ್ತಿರ ಹೋದೆ. “ಕುರಿಗೆ ದಿಕ್ಕೇನೋ ಮಾರಾಯ? ಆ ಬಾಗಿಲು ಅತ್ಲಾಗೆ ಸರಿಸು. ಖರ್ಚು ನಂದು, ಮೇಲೊಂದು ಹಲಸಿನ ಕಂಬ.”

“ಸರಿಸಬೌದ್ರೀ ಸಾವ್ಕಾರ್ರ. ಅತ್ಲಾಗ ಸರಿಸಿದ್ರ ನಿಮ್ಮ ಪಕ್ಕದ ಕೊಟ್ರಪ್ಪನ ಬಾಗ್ಲಿಗೆ ಎದುರಾಗ್ತದ. ಅಂವ ಸರಿಸಬೇಕು, ಅವನ ಎದುರಿನಂವ ಸರಿಸಬೇಕು. ಇಡೀ ಬೀದಿ ಬಿಚ್ಚಿ ಹೆಣೀಬೇಕಲ್ರೀ. ಚಾಪಿ ಅಂದೋರು ನೀವ ಅಲ್ಲೇನ್ರೀ?”

“ನಾನೊಬ್ಬ ಸೂತ್ರ ಮುರಿದರೆ?”

“ಮುರೀರಿ. ನಾಳಿಂದ ಗಾಡಿ ತಿರುಗೋ ಜಾಗದಾಗ ನಾ ಕುರಿ ಕಟ್ತೀನಿ.”

ಮನೆಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದೆ. ಸಾವಿತ್ರಿ ಬಯ್ಯಲಿಲ್ಲ. “ಸೂತ್ರ ಹೇಳಿದ್ದು ನೀವೇ ಅಲ್ದಾ? ಬಿಡಿ” ಎಂದಳು. ಆ ‘ಬಿಡಿ’ ನನಗೆ ಬಯ್ಗುಳಕ್ಕಿಂತ ತುಟ್ಟಿಯಾಯಿತು. ಕೆತ್ತನೆಯ ಬಾಗಿಲು ಗದ್ದೆಗೆ ಮುಖ ಮಾಡಿ ನಿಂತಿತು.

ಗೃಹಪ್ರವೇಶವಾದ ಮೇಲೆ ನೋಡುತ್ತೇನೆ, ಸಂಜೆಯಾದರೆ ಸಾವಿತ್ರಿ ಕೊಟ್ರಪ್ಪನ ಹೆಂಡತಿಯ ಜೊತೆ ಅವರ ಜಗಲಿಯಲ್ಲಿ! “ಗೋಡೆ ಹಂಚ್ಕಂಡ್ಮೇಲೆ ಜಗಲಿ ಬೇರೆನಾ?” ಎಂದಳು. ಇಡೀ ಬೀದಿಯ ಸುದ್ದಿ ಅವಳಿಗೆ. ನಾನು ಹಿಂದೆ, ಕೆತ್ತನೆಯ ಬಾಗಿಲ ಮುಂದೆ, ಬೆಳ್ಳಕ್ಕಿಗಳಿಗೆ ಸಲಹೆ ಕೊಡುತ್ತ ಕೂತಿರುತ್ತಿದ್ದೆ.

ಮೊನ್ನೆ ಆ ಗದ್ದೆಯನ್ನು ಕೊಂಡ ಅಣ್ಣತಮ್ಮಂದಿರು ಬಂದರು. “ಯಜಮಾನ್ರ, ನಾವೂ ಇಲ್ಲೇ ಮನೀ ಕಟ್ಟೋರು. ನಿಮ್ಮ ಸೂತ್ರ ನಮಗೂ ಹೇಳ್ರಿ.” ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಒಳಗಿನಿಂದ ಸಾವಿತ್ರಿ: “ಮೊದಲ್ನೇದು ನಾ ಹೇಳ್ತೀನಿ ಕೇಳಿ. ಸೂತ್ರ ಹೇಳಿದವ್ರು ಎಲ್ಲರಿಗಿಂತ ಮೊದ್ಲು ಮನೆ ಕಟ್ಬೇಕು!”

ಅವರು ನಕ್ಕರು, ನಾನೂ ನಕ್ಕೆ. ನಗುನಗುತ್ತಲೇ ಹೊಳೆಯಿತು: ಈ ಕಡೆ ಮೊದಲು ಕಟ್ಟಿದವನು ನಾನೇ ಅಲ್ಲವೇ? ಎದ್ದು ಹೋಗಿ, ಹೊಸ ಬೀದಿ ಎಲ್ಲಿ ಬರಬೇಕೆಂದು ಧಾರಾಳವಾಗಿ ತೋರಿಸಿಕೊಟ್ಟೆ. ಸರಿಯಾಗಿ ಕೆತ್ತನೆಯ ಬಾಗಿಲ ಮುಂದೆ. ಅಲ್ಲೊಂದು ಜಗಲಿಗೆ ಕಲ್ಲು ತರಲೂ ಹೇಳಿದ್ದೇನೆ. ಸಾವಿತ್ರಿಗೆ ಇನ್ನೂ ತಿಳಿಸಿಲ್ಲ. ತಿಳಿಸಿದರೆ ಸಲಹೆ ಕೊಡುತ್ತಾಳೆ. ಆಮೇಲೆ ನಾನು ಅದನ್ನು ಪಾಲಿಸಬೇಕಾಗುತ್ತದೆ.