ಲ್ಯಾಮಿನೇಶನ್ ಮಾಡಿಸಿದ ಪ್ರಾಮಾಣಿಕತೆ

ನಾನು ಕಳ್ಳನಲ್ಲ ಎಂಬುದಕ್ಕೆ ನನ್ನ ಬಳಿ ದಾಖಲೆ ಇತ್ತು. ಅದಕ್ಕೆ ಲ್ಯಾಮಿನೇಶನ್ ಕೂಡ ಮಾಡಿಸಿದ್ದೆ!

ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ನಾನು ವಾಣಿಜ್ಯಶಾಸ್ತ್ರ ಕಲಿಸುತ್ತೇನೆ, ಮನೆ ಪುತ್ತಿಗೆಯಲ್ಲಿ. ಬಡ್ತಿ ಬೇಕಾದರೆ ಸಂಶೋಧನಾ ಪತ್ರಿಕೆಯಲ್ಲಿ ಒಂದು ಲೇಖನ ಬರಬೇಕಿತ್ತು. ನನ್ನ ಹೆಂಡತಿ ಸುಜಾತ ತಾರಸಿಯಲ್ಲಿ ಮಲ್ಲಿಗೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ಪೇಟೆಯ ಹೂವಿನ ಅಂಗಡಿಗೆ ಕೊಡುತ್ತಾಳೆ. ಅವಳಂತೆ ಹೂ ಬೆಳೆಯುವ ಹೆಂಗಸರನ್ನು ಮಡಂತ್ಯಾರಿನವರೆಗೂ ಹುಡುಕಿಕೊಂಡು ಹೋಗಿ, ಮಾತಾಡಿಸಿ, ಮಲ್ಲಿಗೆ ವ್ಯಾಪಾರದ ಬಗ್ಗೆ ಇಂಗ್ಲಿಷಿನಲ್ಲಿ ಲೇಖನ ಬರೆದೆ. ಪ್ರತಿ ವಾಕ್ಯವೂ ಸ್ವಂತದ್ದು. ಬೇರೆ ಯಾರೂ ಹೀಗೆ ಬರೆಯಲಾರರು ಎಂದು ಓದಿದವರಿಗೆ ಅನ್ನಿಸುವಷ್ಟು ಸ್ವಂತದ್ದು!

ಆದರೂ ಕಳುಹಿಸುವ ಮೊದಲು ಪರೀಕ್ಷಿಸಿಕೊಳ್ಳುವುದು ಒಳ್ಳೆಯದೆಂದು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹರೀಶ ಧೈರ್ಯ ತುಂಬಿದ.

"ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ನನ್ನ ಹತ್ರ ಉಂಟು ಸರ್. ದೊಡ್ಡ ದೊಡ್ಡ ಪತ್ರಿಕೆಯವರು ಇಟ್ಟುಕೊಂಡದ್ದೂ ಇದೇ."

ಅದು ಅವನ ಕೈಗೆ ಹೇಗೆ ಬಂತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಫಲಿತಾಂಶ ಬಂತು: ಹೋಲಿಕೆ ಶೇಕಡಾ ನಾಲ್ಕು. ಅಂದರೆ ಅಪ್ಪಟ ಪ್ರಾಮಾಣಿಕ!

"ಇದಕ್ಕೆ ಲ್ಯಾಮಿನೇಶನ್ ಮಾಡುವ ಸರ್. ಮಳೆಗೆ ಹಾಳಾಗುವುದು ಬೇಡ" ಎಂದ ಹರೀಶ. ಮಾಡಿಸಿದೆ. ಮರುದಿನವೇ ಲೇಖನವನ್ನು ಪತ್ರಿಕೆಗೆ ಕಳುಹಿಸಿದೆ.

ಕೆಲವು ದಿನಗಳಲ್ಲಿ ಸಂಪಾದಕಿಯವರ ಮಿಂಚಂಚೆ ಬಂತು. ಸ್ವೀಕಾರ ಪತ್ರವೆಂದು ತಿಳಿದು ಸುಜಾತಳನ್ನು ಕರೆದು ಗಟ್ಟಿಯಾಗಿ ಓದಲು ಶುರುಮಾಡಿದೆ. ಎರಡನೆಯ ಸಾಲಿಗೆ ನನ್ನ ಸ್ವರ ಇಳಿಯಿತು. ನನ್ನ ಲೇಖನದ ಶೇಕಡಾ ತೊಂಬತ್ತಾರು ಭಾಗ ಬೇರೊಂದು ಕಡೆಯಿಂದ ಬಂದ ಲೇಖನವನ್ನು ಹೋಲುತ್ತದಂತೆ. ವಾರದೊಳಗೆ ವಿವರಣೆ ಕೊಡಬೇಕಂತೆ. ವಿವರಣೆ ಸಮರ್ಪಕವಾಗಿರದಿದ್ದರೆ ನನ್ನ ಪ್ರಾಂಶುಪಾಲರಿಗೆ ತಿಳಿಸಬೇಕಾಗುತ್ತದಂತೆ!

"ಯಾರದ್ದನ್ನು ಕದ್ದದ್ದು ನೀವು?" ಎಂದಳು ಸುಜಾತ.

"ಕದಿಯಲಿಲ್ಲ ಮಾರಾಯ್ತಿ!"

"ಮತ್ತೆ ಬೆವರುವುದು ಎಂತಕ್ಕೆ?"

ಬಡ್ತಿ ಹೋದರೆ ಹೋಗಲಿ. ದಿನಾ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಬೊಬ್ಬೆ ಹಾಕುವವನು ಕಳ್ಳನೆನ್ನಿಸಿಕೊಂಡು ತರಗತಿಗೆ ಹೋಗುವುದು ಹೇಗೆ? ನಿಜಕ್ಕೂ ಹೆದರಿಕೆಯಾಯಿತು. ಹೆದರಿದವನು ನೇರವಾಗಿ ಓಡಿದ್ದು ಸಹೋದ್ಯೋಗಿ ವಸಂತ ಸರ್ ಹತ್ತಿರ.

ನಮ್ಮ ಕಾಲೇಜಿನಲ್ಲಿ ರಜೆಯ ಅರ್ಜಿಯಿಂದ ವಾರ್ಷಿಕೋತ್ಸವದ ವಂದನಾರ್ಪಣೆಯವರೆಗೆ ಎಲ್ಲದಕ್ಕೂ ಒಂದು 'ಮಾದರಿ' ಇರುತ್ತದೆ. ಹೆಸರು ಬದಲಿಸಿದರೆ ಮುಗಿಯಿತು. ಅವೆಲ್ಲದರ ಭಂಡಾರ ವಸಂತ ಸರ್. ನನ್ನ ಮದುವೆಯ ಕಾಗದ ಕೂಡ ಅವರ ಮದುವೆಯದ್ದೇ; ವಧೂವರರನ್ನು ಮಾತ್ರ ಬದಲಿಸಿದ್ದೆವು!

"ಮಂಡೆಬಿಸಿ ಮಾಡ್ಬೇಡಿ ಮಾರಾಯ್ರೆ. ಇದಕ್ಕೂ ಮಾದರಿ ಉಂಟು. ನನ್ನ ಭಾವ ಕಳಿಸಿದ್ದು" ಎಂದರು. ಕೊಟ್ಟರು. ಹೆಸರು ಹಾಕಿದೆ. ಕಳುಹಿಸಿದೆ. ಓದಲಿಲ್ಲ!

ಸಂಪಾದಕಿ ಓದಿದರು. ಉತ್ತರ ಬಂತು: "ಸದರಿ ವಿವರಣೆಯನ್ನು ಇದೇ ಮಾತುಗಳಲ್ಲಿ ಹಿಂದೆಯೂ ಬೇರೆ ಲೇಖಕರಿಂದ ಪಡೆದಿದ್ದೇವೆ. ಎಲ್ಲಕ್ಕೂ ಕಾರಣ ನಿಮ್ಮ ಸಹಲೇಖಕರ ಅಚಾತುರ್ಯ ಎಂದು ಬರೆದಿದ್ದೀರಿ. ಲೇಖನದಲ್ಲಿ ನಿಮ್ಮೊಬ್ಬರ ಹೆಸರೇ ಇದೆ. ಆ ಸಹಲೇಖಕರು ಯಾರು?"

ಕೃತಿಚೌರ್ಯ ಮಾಡಿಲ್ಲ ಎಂದು ಹೇಳಲು ಕೃತಿಚೌರ್ಯ ಮಾಡಿದ್ದೆ. ಜೊತೆಗೆ, ಹುಟ್ಟದೇ ಇದ್ದ ಒಬ್ಬ ಮನುಷ್ಯನ ಮೇಲೆ ಗೂಬೆ ಕೂರಿಸಿದ್ದೆ!

ಆ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ನಡೆದದ್ದನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಕನ್ನಡದಲ್ಲಾದರೂ ಸರಿ."

"ನನ್ನ ಹತ್ರ ಹೇಳಿದ ಹಾಗೆಯೇ ಬರೀರಿ" ಎಂದಳು ಸುಜಾತ, ಮೊಗ್ಗು ಕಟ್ಟುತ್ತಾ. ಬರೆದೆ. ಹರೀಶನ ಅಂಗಡಿ, ನನ್ನ ಬೆವರು, ವಸಂತ ಸರ್ ಭಂಡಾರ, ಇಲ್ಲದ ಸಹಲೇಖಕ, ಒಂದನ್ನೂ ಬಿಡಲಿಲ್ಲ. ಲ್ಯಾಮಿನೇಶನ್‌ನ ಫೋಟೋವನ್ನೂ ಲಗತ್ತಿಸಿದೆ.

ಸಂಪಾದಕಿ ವಿಚಾರಿಸಿ ಬರೆದರು. ಆ ಸಾಫ್ಟ್‌ವೇರ್ ತನಗೆ ತೋರಿಸಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತದಂತೆ. ಹರೀಶ ಹಾಕಿದ ನನ್ನ ಲೇಖನವನ್ನು ಅದು ಯಾರದ್ದೋ ಎಂದು ಇಟ್ಟುಕೊಂಡಿತ್ತು; ಪತ್ರಿಕೆಯವರು ಅದನ್ನೇ ಮತ್ತೆ ಹಾಕಿದಾಗ ಕಳ್ಳ ಎಂದಿತು. "ನೀವು ಕದ್ದದ್ದು ನಿಮ್ಮಿಂದಲೇ. ಲೇಖನವನ್ನು ಪರಿಶೀಲಕರಿಗೆ ಕಳುಹಿಸುತ್ತಿದ್ದೇನೆ. ಲೇಖಕರನ್ನು ಕೇಳದೆ ತೀರ್ಮಾನಿಸುವುದು ನಮ್ಮಲ್ಲಿಲ್ಲ."

ಓದುವಾಗ ಕಣ್ಣು ಮಂಜಾಯಿತು. ಯಂತ್ರ ಹೇಳಿತೆಂದು ಫೈಲು ಮುಚ್ಚಿಬಿಡಬಹುದಿತ್ತು. ನನ್ನ ಸುಳ್ಳು ವಿವರಣೆ ಕಂಡಮೇಲಂತೂ ಯಾರೂ ಅವರನ್ನು ತಪ್ಪೆನ್ನುತ್ತಿರಲಿಲ್ಲ. ಮುಖ ನೋಡದ ಒಬ್ಬನನ್ನು ಅವರು ಮತ್ತೊಮ್ಮೆ ಕೇಳಿದರು. ಇಂದಿಗೂ ತರಗತಿಯಲ್ಲಿ ತಲೆಯೆತ್ತಿ ನಿಲ್ಲುತ್ತಿದ್ದರೆ ಅದು ಆ ತಾಯಿಯ ಉಪಕಾರ.

ತಿದ್ದುಪಡಿಗಳಾದ ಮೇಲೆ ಲೇಖನ ಪ್ರಕಟವಾಯಿತು. ಜೊತೆಗೆ ಬಂದ ಪತ್ರದಲ್ಲಿ ಸಂಪಾದಕಿಯವರ ಒಂದು ಸಾಲು: "ಹೇಳಬಾರದು, ಆದರೂ ಹೇಳುತ್ತೇನೆ. ಲೇಖನಕ್ಕಿಂತ ನಿಮ್ಮ ಕನ್ನಡ ವಿವರಣೆಯೇ ಚೆನ್ನಾಗಿತ್ತು!"

ಅದನ್ನು ವಸಂತ ಸರ್‌ಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡರು.

"ಹೌದಾ! ಹಾಗಾದ್ರೆ ಅದರದ್ದೊಂದು ಕಾಪಿ ಕೊಡಿ ಮಾರಾಯ್ರೆ. ಮಾದರಿಗೆ ಇಟ್ಟುಕೊಳ್ಳುವ."

ಇಷ್ಟೆಲ್ಲ ಕಲಿತವನು ಖಂಡಿತ ಕೊಡಬಾರದಿತ್ತು. ಆದರೆ ನನ್ನ ಬರಹವನ್ನು ಕದಿಯಲು ಒಬ್ಬರು ಮನಸ್ಸು ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಆ ಖುಷಿಗೆ ಕೊಟ್ಟೇಬಿಟ್ಟೆ.

ಲ್ಯಾಮಿನೇಶನ್ ಮಾಡಿಸಿ!