ಕಾರ್ಯದರ್ಶಿ ಎಮ್ರಿಸ್ ಊದಿದ ಸೀಟಿ

ಇದು ನಡೆದದ್ದು ಸತ್ಯ. ಸುಳ್ಳಾದರೆ ನಮ್ಮ ವೇಲ್ಸ್ ಕಣಿವೆಯಲ್ಲಿ ಒಂದು ವಾರ ಮಳೆ ಬಾರದಿರಲಿ!

ಎಮ್ರಿಸ್ ಪ್ಯೂ ಹರೆಯದಲ್ಲಿ ದೇಶಕ್ಕಾಗಿ ಒಂದೇ ಒಂದು ರಗ್ಬಿ ಪಂದ್ಯ ಆಡಿ, ದೇಶ ಕೊಡುವ ಟೋಪಿ ಪಡೆದವನು. ಊರಿನ ಆರು ಎಮ್ರಿಸರಲ್ಲಿ ಇವನೇ 'ಟೋಪಿ ಎಮ್ರಿಸ್'. ಮೊಣಕಾಲು ಕೈಕೊಟ್ಟ ಮೇಲೆ ಕ್ಲಬ್ಬಿನ ಕಾರ್ಯದರ್ಶಿಯಾದ. ಇಪ್ಪತ್ತೆಂಟು ವರ್ಷ ಪತ್ರ ಬರೆದ, ಮೈದಾನದ ಗೆರೆ ಎಳೆದ, ಹದಿನೈದು ಜನರ ಕೆಸರು ಬನಿಯನ್ ಒಗೆದ. ಈಗ ಅವನ ಕಣ್ಣು ಅಧ್ಯಕ್ಷರ ಕುರ್ಚಿಯ ಮೇಲೆ. ಮೆತ್ತನೆಯ ಕುರ್ಚಿ, ಕಡ್ಡಿ ಅಲ್ಲಾಡಿಸುವ ಕೆಲಸವಿಲ್ಲ. ಶನಿವಾರ ಸಂಜೆಗೇ ಆಯ್ಕೆ.

ಅದೇ ದಿನ ಮಧ್ಯಾಹ್ನ ಪಕ್ಕದೂರಿನ ಮೇಲೆ ಪಂದ್ಯ. ರೆಫರಿಯ ಕಾರು ಗುಡ್ಡದ ಮೇಲೆ ಕೆಟ್ಟು ಕೂತಿತು.

"ನೀನೇ ಸೀಟಿ ಹಿಡಿ ಮಾರಾಯಾ," ಅಂದ ಭಾವಮೈದುನ ಗ್ವಿಲಿಮ್.

ಪಕ್ಕದೂರಿನವರೂ ತಲೆಯಾಡಿಸಿದರು. "ಟೋಪಿ ಎಮ್ರಿಸ್ ಸುಳ್ಳು ಊದೋನಲ್ಲ ಬಿಡಿ."

ಕೊನೆಯ ನಿಮಿಷ. ನಮ್ಮೂರು ಎರಡು ಅಂಕ ಹಿಂದೆ. ಗ್ವಿಲಿಮನ ಮಗ ಗೆಥಿನ್ ಕದ್ದ ಹಂದಿಮರಿ ಅವುಚಿಕೊಂಡವನ ಹಾಗೆ ಚೆಂಡು ಹಿಡಿದು ಓಡಿ, ಗೆರೆಯಾಚೆ ದೊಪ್ಪೆಂದು ಬಿದ್ದ. ಗೆದ್ದೆವೆಂದು ಊರಿಗೆ ಊರೇ ಕುಣಿಯಿತು. ಬೀಳುವ ಮುಂಚೆ ಚೆಂಡು ಕೈಜಾರಿ ಮುಂದಕ್ಕೆ ಪುಟಿದದ್ದನ್ನು ಕಂಡವನು ಎಮ್ರಿಸ್ ಒಬ್ಬನೇ. ಕುರ್ಚಿ ನೆನಪಾಯಿತು. ಅಂದು ತೊಟ್ಟಿದ್ದ ದೇಶದ ಕೆಂಪು ಬನಿಯನ್ನೂ ನೆನಪಾಯಿತು. ಊದಿಯೇಬಿಟ್ಟ.

"ಚೆಂಡು ಮುಂದಕ್ಕೆ ಕೈಜಾರಿದೆ, ತಪ್ಪಾಟ. ಅಂಕ ಇಲ್ಲ!"

"ಮಾವಾ!" ಗೆಥಿನ್ ಅರಚಿದ.

"ಮೈದಾನದಲ್ಲಿ ಮಾವನೂ ಇಲ್ಲ, ಅಳಿಯನೂ ಇಲ್ಲ."

"ನಮಗೇ ಟೋಪಿ ಹಾಕಿದ್ನಲ್ರೋ!" ಗ್ವಿಲಿಮ್ ಎದೆ ಬಡಿದುಕೊಂಡ.

ಎಮ್ರಿಸನ ಹೆಂಡತಿ ನೆಸ್ಟಾ ಚಹಾದ ಪಾತ್ರೆ ಎತ್ತಿಕೊಂಡು, "ಇವತ್ತು ನಿಂಗೆ ಊಟ ಪಕ್ಕದೂರಲ್ಲೇ!" ಅಂದು ನಡೆದೇಬಿಟ್ಟಳು.

ಸಂಜೆ ಕ್ಲಬ್ಬಿನಲ್ಲಿ ಎಮ್ರಿಸ್ ನೆನೆದ ಕುರಿಯಂತೆ ಮೂಲೆ ಹಿಡಿದ. ಅಷ್ಟರಲ್ಲಿ ಪಕ್ಕದೂರಿನ ನಾಯಕ ಬಂದು ಅವನ ಕೈಕುಲುಕಿದ. "ಸ್ವಂತ ಅಳಿಯನ್ನೇ ಬಿಡಲಿಲ್ಲ! ಇಂಥೋನು ನಮ್ಮೂರಲ್ಲಿ ಒಬ್ಬನೂ ಇಲ್ಲ ಕಣ್ರಪ್ಪಾ."

ಅವನು ಹೋದ ಮೇಲೆ ನಮ್ಮವರ ಎದೆ ಒಂದೊಂದಾಗಿ ಉಬ್ಬತೊಡಗಿತು.

"ಅವರಲ್ಲಿಲ್ವಂತೆ! ನಮ್ಮಲ್ಲಿದಾನೆ!"

ಗ್ವಿಲಿಮ್ ಕಣ್ಣೊರೆಸಿಕೊಂಡು ಎದ್ದ. "ನೋಡ್ರಪ್ಪಾ, ಅಧ್ಯಕ್ಷನ ಕುರ್ಚಿಗೆ ಯಾವ ಬೆಪ್ಪನಾದ್ರೂ ಸಾಕು. ಬೇಕಾದ್ರೆ ನಾನೇ ಕೂರ್ತೀನಿ. ಆದ್ರೆ ಇಂಥ ನಿಯತ್ತಿನ ಕಾರ್ಯದರ್ಶಿ ಎಲ್ಲಿ ಸಿಗ್ತಾನೆ? ಉಸಿರಿರೋವರೆಗೂ ನಮ್ಮ ಎಮ್ರಿಸನೇ ಕಾರ್ಯದರ್ಶಿ!"

ಒಪ್ಪಿಗೆ ಎಂದು ಎಲ್ಲರ ಕೈಯೂ ಮೇಲೇರಿತು. ಎಲ್ಲರೂ ಎದ್ದು ಪ್ರಾರ್ಥನೆಯ ಹಾಡು ಎತ್ತಿಕೊಂಡರು. ಚಾವಣಿ ನಡುಗಿತು. ಎಮ್ರಿಸನ ಎದೆಯೂ ಉಬ್ಬಿತು, ಕಣ್ಣಲ್ಲಿ ಧಾರಾಕಾರ ನೀರು. ಯಾತಕ್ಕೆಂದು ಯಾರೂ ಕೇಳಲಿಲ್ಲ.

ನೀವೂ ಕೇಳಬೇಡಿ. ಒಂದು ಮಾತಿಗೂ ಅಡ್ಡ ಬಾರದೆ ಎಲ್ಲ ನಂಬಿದಿರಲ್ಲ, ಎಂಥ ನಿಯತ್ತಿನ ಮುಖ ನಿಮ್ಮದು! ಉಪಕಾರ್ಯದರ್ಶಿಯ ಜಾಗ ಖಾಲಿ ಇದೆ. ಎಲ್ಲಿ, ಹೂಂ ಅನ್ನಿ ನೋಡೋಣ.