ಎಡಗಡೆ ಸೊಂಟದ ಪಜೀತಿ

ನನಗೆ ನೋವು ಅನ್ನೋದು ಯಾವತ್ತೂ ಒಂಟಿಯಾಗಿ ಬಂದಿಲ್ಲ, ಜೊತೆಗೊಂದು ನಗೆಪಾಟಲನ್ನೂ ಕರ್ಕೊಂಡೇ ಬರುತ್ತೆ. ಎಂಬತ್ತರ ದಶಕದ ಶುರುವಲ್ಲಿ ನಾನು ಪೀಣ್ಯದ ಒಂದು ಫ್ಯಾಕ್ಟರೀಲಿ ಕಾಲಲ್ಲಿ ತುಳಿಯೋ ಪ್ರೆಸ್ ಮಿಷನ್ ಮುಂದೆ ನಿಲ್ತಿದ್ದೆ. ಬಲಗಾಲಲ್ಲಿ ಪೆಡಲ್ ತುಳೀಬೇಕು, ಮೈಭಾರವೆಲ್ಲ ಎಡಗಾಲ ಮೇಲೆ. ಎರಡು ವರ್ಷ ಹೀಗೆ ಕುಣಿದ ಮೇಲೆ ಎಡಗಡೆ ಸೊಂಟ ಮುಷ್ಕರ ಹೂಡ್ತು. ಅದೂ ಎಂಥ ಹೊತ್ತಲ್ಲಿ! ಟೆಂಪರರಿ ಹೆಂಗಸರಲ್ಲಿ ಕೆಲವರನ್ನ ಪರ್ಮನೆಂಟ್ ಮಾಡ್ತಾರೆ ಅಂತ ಸುದ್ದಿ ಬಂದಾಗ. ನಮ್ಮೆಜಮಾನರ ಮಿಲ್ಲು ಬಾಗಿಲು ಹಾಕಿತ್ತು, ಮನೆ ನಡೀತಿದ್ದಿದ್ದು ನನ್ನ ಸಂಬಳದಲ್ಲೇ. ನಾನು ಕುಂಟೋದು ಸೂಪರ್‌ವೈಸರ್ ಕಣ್ಣಿಗೆ ಬಿದ್ರೆ ಹೆಸರು ಹೊಡೆದುಹಾಕ್ತಾರೆ ಅಂತ, ಅವರು ಬಂದಾಗೆಲ್ಲ ನೆಟ್ಟಗೆ ನಿಂತ್ಬಿಡ್ತಿದ್ದೆ.

ಮೂರು ಒದೆ

ಅತ್ತೆ ಹತ್ರ ಸೊಂಟ ನೋವು ಅಂದಿದ್ದೇ ತಪ್ಪಾಯ್ತು. ನಮ್ಮ ಜನಕ್ಕೆ ಬೆನ್ನ ಕೆಳಗಿಂದ ತೊಡೆವರೆಗೂ ಎಲ್ಲಾ ಸೊಂಟವೇ. ನನಗೆ ನೋವಿದ್ದಿದ್ದು ಪಕ್ಕದಲ್ಲಿ, ಬಿಂದಿಗೆ ಇಟ್ಕೊಳ್ಳೋ ಜಾಗದಿಂದ ಗೇಣು ಕೆಳಗೆ ಮೂಳೆ ಕೈಗೆ ಸಿಗುತ್ತಲ್ಲ, ಅಲ್ಲಿ. ಅತ್ತೆ ಹರಳೆಣ್ಣೆ ತಿಕ್ಕಿದ್ದು ಬೆನ್ನಿಗೆ. ಮೂರು ದಿನ ತಿಕ್ಕಿ ಸಾಕಾಗಿ, "ಇದು ಉಳುಕು ಕಣಮ್ಮಿ. ಕಾಲು ಮುಂದಾಗಿ ಉಟ್ಟಿರೋರು ಒದ್ರೆ ಓಯ್ತದೆ" ಅಂದ್ರು.

ವಠಾರವೆಲ್ಲ ವಿಚಾರಿಸಿದ್ರೆ ಹಾಗೆ ಹುಟ್ಟಿದವರು ನಮ್ಮ ಓನರಮ್ಮ ಒಬ್ಬರೇ. ಅವರು ಸ್ನಾನ ಮಾಡಿ ಮಡೀಲಿ ಬಂದ್ರು. ನಾನು ಹೊಸ್ತಿಲ ಹತ್ರ ಬೋರಲು ಮಲಗಿದೆ. ತುಂಬಾ ಸಂಕೋಚದ ಹೆಂಗಸು ಪಾಪ, ಒಂದೊಂದು ಒದೆಗೂ ಮುಂಚೆ "ಒದೀಲೇನಮ್ಮಾ?" ಅಂತ ಅಪ್ಪಣೆ ಕೇಳೋರು. ಮೂರಾಯ್ತು, ನೋವು ಜಾಗ ಬಿಟ್ಟು ಕದಲ್ಲಿಲ್ಲ. ಬಾಡಿಗೆಯವರನ್ನ ಒದ್ದು ಓಡಿಸೋ ಓನರ್‌ಗಳ ಕಥೆ ಬೇಕಾದಷ್ಟು ಕೇಳಿದ್ದೀನಿ, ಅರಿಶಿನ ಕುಂಕುಮ ಕೊಟ್ಟು ಒದೆಸ್ಕೊಂಡೋಳು ನಾನೊಬ್ಬಳೇ ಇರಬೇಕು.

ನೋವು ಯಾರಿಗೆ?

ಆಮೇಲೆ ಡಿಸ್ಪೆನ್ಸರಿಗೆ ಹೋದ್ವಿ. ಗಂಡಸು ಡಾಕ್ಟರು. ನೋವು ಎಲ್ಲಿ ಅಂತ ಕೇಳಿದ್ರು. ಪಕ್ಕದಲ್ಲಿ ಕಾಂಪೌಂಡರ್ ಬೇರೆ ನಿಂತಿದ್ದ, ನನಗೆ ಆ ಜಾಗ ಮುಟ್ಟಿ ತೋರಿಸೋಕೆ ನಾಚಿಕೆ. ಜೊತೆಗಿದ್ದ ನಮ್ಮೆಜಮಾನರನ್ನ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಅವರ ಸೊಂಟದ ಮೇಲೆ ಬೆರಳಿಟ್ಟು ತೋರಿಸಿದೆ. ಡಾಕ್ಟರ್ ಎದ್ದು ಬಂದು ಅವರಿಗೇ ಗಟ್ಟಿಯಾಗಿ ಒತ್ತಿ, ನೋಯುತ್ತಾ ಅಂದ್ರು. ಡಾಕ್ಟರ್ ಅಂದ್ರೆ ಮೊದಲೇ ನಡುಗೋ ಇವರು ಹೂಂ ಅಂದ್ಬಿಟ್ರು. ಚೀಟಿ ಅರ್ಧ ಬರೆದಾದ ಮೇಲೆ ನಾನು ಬಾಯಿ ಬಿಟ್ಟೆ, ನೋವು ನನಗೆ ಅಂತ.

ನರ್ಸಮ್ಮನ್ನ ಕರೆದು ಸರಿಯಾದ ಜಾಗ ಒತ್ತಿಸಿದಾಗ ನಾನು ಕಿರುಚಿದ್ದು ರಸ್ತೆಗೆ ಕೇಳಿಸ್ತಂತೆ. ಮೂಳೆ ಮೇಲೆ ನೀರಿರೋ ಸಣ್ಣ ಚೀಲ ಇರುತ್ತೆ, ಅದು ಊದ್ಕೊಂಡಿದೆ ಅಂದ್ರು ಡಾಕ್ಟರು. ಮಾತ್ರೆ ತಗೋಬೇಕು, ಐಸ್ ಇಡಬೇಕು, ಎಡಗಡೆ ಮಗ್ಗುಲಾಗಬಾರದು, ಪೆಡಲ್‌ಗೆ ಕಾಲು ಬದಲಾಯಿಸ್ತಾ ಇರಬೇಕು. ಆಪರೇಷನ್ ಬೇಡ ಅಂದಾಗ ಕೈ ಮುಗಿದುಬಿಟ್ಟೆ. ಹೊರಗೆ ಬಂದ ಮೇಲೆ ನಮ್ಮೆಜಮಾನರು ಮೆಲ್ಲಗೆ, "ನನಗೂ ಸ್ವಲ್ಪ ನೋವಿದೆ ಅನ್ಸುತ್ತೆ ಕಣೇ" ಅಂದ್ರು.

ಆರೆಂಜ್ ಐಸು

ನಮ್ಮ ಮನೇಲಿ ಫ್ರಿಜ್ ಎಲ್ಲಿ ಬರಬೇಕು? ಫ್ಯಾಕ್ಟರಿ ಗೇಟಲ್ಲಿ ಐಸ್ ಕ್ಯಾಂಡಿ ಮಾರೋನೇ ಗತಿ. ಊಟದ ಹೊತ್ತಲ್ಲಿ ಎರಡು ಕ್ಯಾಂಡಿ ಕರ್ಚೀಫಲ್ಲಿ ಸುತ್ತಿ ಸೊಂಟಕ್ಕೆ ಒತ್ಕೊಂಡು ಗೋಡೆಗೆ ಒರಗ್ತಿದ್ದೆ. ಸಾಯಂಕಾಲಕ್ಕೆ ಸೀರೆ ಮೇಲೆ ಆರೆಂಜ್ ಕಲೆ, ಕಲೆಯ ಹಿಂದೆ ಇರುವೆ ಸಾಲು. ಆದ್ರೂ ಒಂದೂವರೆ ತಿಂಗಳಲ್ಲಿ ನೋವು ಮುಕ್ಕಾಲು ಪಾಲು ಇಳೀತು.

ಫಿಟ್

ಕೊನೆಗೆ ಪರ್ಮನೆಂಟ್ ಮಾಡೋಕೆ ಮುಂಚೆ ಮೆಡಿಕಲ್ ಅಂದ್ರು. ಕಾಯಿಲೆ ಮುಚ್ಚಿಟ್ಟು ಆಮೇಲೆ ಗೊತ್ತಾದ್ರೆ ಇರೋ ಕೆಲಸವೂ ಹೋಗುತ್ತೆ ಅಂತ ಸೂಪರ್‌ವೈಸರ್ ಹೆದರಿಸಿದ್ರು. ಹೇಳಿದ್ರೂ ಕಷ್ಟ, ಬಿಟ್ರೂ ಕಷ್ಟ. ಹೇಳೋದಾದ್ರೆ ಸರಿಯಾಗೇ ಹೇಳೋಣ ಅಂತ ಡಿಸ್ಪೆನ್ಸರಿ ಡಾಕ್ಟರ ಹತ್ರ ಹೋಗಿ ಕಾಯಿಲೆ ಹೆಸರು ಕೇಳಿದೆ. ಅವರು ಅಂದಿದ್ದು ಬರ್ಸೈಟಿಸ್. ನನ್ನ ಕಿವಿಗೆ ಬಿದ್ದಿದ್ದು ಬಸ್ ಸೀಟ್. ದಿನಾ ಬಸ್ಸಲ್ಲಿ ನೇತಾಡ್ಕೊಂಡು ಬರೋಳಿಗೆ ಬೇರೆ ಯಾವ ಕಾಯಿಲೆ ಬರುತ್ತೆ, ಸರಿಯಾದ ಹೆಸರೇ ಇಟ್ಟಿದ್ದಾರೆ ಅನ್ಕೊಂಡೆ.

ಮೆಡಿಕಲ್ ಮಾಡೋಕೆ ಬಂದಿದ್ದು ಹೊರಗಿನ ವಯಸ್ಸಾದ ಡಾಕ್ಟರು. ಬಾಗಿಲಾಚೆ ಉದ್ದಕ್ಕೆ ಸಾಲು. ತಲೆ ಎತ್ತದೆ ಬರೀತಾ, ಹೇಳ್ಕೊಳ್ಳೋದು ಏನಾದ್ರೂ ಇದ್ಯಾ ಅಂದ್ರು. ದೇವರ ಮೇಲೆ ಭಾರ ಹಾಕಿ ಹೇಳೇಬಿಟ್ಟೆ.

"ಬಸ್ ಸೀಟ್ ಇದೆ ಸಾರ್. ಎರಡು ತಿಂಗಳಾಯ್ತು."

ಅವರ ಪೆನ್ನು ನಿಂತ್ಹೋಯ್ತು. ನನಗೆ ಕಣ್ಣಲ್ಲಿ ನೀರೇ ಬಂತು, ಮುಗೀತು ನನ್ನ ಕಥೆ ಅಂತ.

"ದಿನಾ ಇರುತ್ತಾ?"

"ಎಡಗಡೆ ಮಾತ್ರ ಸಾರ್."

"ಲೇಡೀಸ್ ಸೀಟು ಎಡಗಡೆ ತಾನೇ" ಅಂತ ನಿಟ್ಟುಸಿರು ಬಿಟ್ಟು, "ಸಿಟಿಯಿಂದ ಪೀಣ್ಯಕ್ಕೆ ನಾನು ಒಂದು ದಿನವೂ ಕೂತ್ಕೊಂಡು ಬಂದಿದ್ದಿಲ್ಲ ಕಣಮ್ಮ. ಏನಾದ್ರೂ ಆಗ್ಲಿ, ಅದನ್ನ ಮಾತ್ರ ಬಿಡಬೇಡ" ಅಂದು ಫಿಟ್ ಅಂತ ಮೊಹರು ಹೊಡೆದ್ರು.

ಗೇಟಲ್ಲಿ ಕಾಯ್ತಿದ್ದ ನಮ್ಮೆಜಮಾನರು ಏನಂದ್ರು ಅಂತ ಓಡಿ ಬಂದ್ರು. ನನಗೆ ಅಳು, ನಗು ಎರಡೂ ಒಟ್ಟಿಗೆ.

"ಕೆಲಸ ಪರ್ಮನೆಂಟ್ ಆಯ್ತು ರೀ. ಕಾಯಿಲೇನೂ ಪರ್ಮನೆಂಟಾಗಿ ಇಟ್ಕೋ ಅಂದ್ರು."